ತಾತನ ಹೆಸರು

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ನಮ್ಮ ಕನ್ನಡ ಸಂಘದ ಸುದ್ದಿಪತ್ರ ಹೋಗಬೇಕು, ಈ ಪುಟ ಇನ್ನೂ ಖಾಲಿ. ರಾಜ್ಯೋತ್ಸವದ ಬಗ್ಗೆ ಬರೆಯೋಣ ಅಂತ ಕೂತರೆ ಮಗ ಬಂದು, "ಅಪ್ಪ, ಫುಟ್‌ಬಾಲ್ ಆಡೋ ಆರ್ಚ್ ಮ್ಯಾನಿಂಗ್‌ಗೂ ನನ್ನ ಥರ ತಾತನ ಹೆಸರೇನಾ?" ಅಂದ. ಶಾಲೆಯಲ್ಲಿ ಯಾರ ಬಾಯಲ್ಲೂ ತಿರುಗದ ಹೆಸರು ಇಟ್ಟಿದ್ದಕ್ಕೆ ನನ್ನ ಮೇಲೆ ಅವನಿಗೆ ಹಳೇ ಸಿಟ್ಟು.

ಹೌದು ಕಣೋ ಅಂದೆ. ಇಲ್ಲಿ ಅಮೆರಿಕದಲ್ಲಿ ಫುಟ್‌ಬಾಲನ್ನ ಕೈಯಲ್ಲಿ ಆಡ್ತಾರೆ ಅನ್ನೋದೇ ನನಗೆ ಅರ್ಥವಾಗೋಕೆ ಎರಡು ವರ್ಷ ಹಿಡಿದಿತ್ತು. ಆದರೂ ಆ ತಾತ, ಆರ್ಚಿ ಮ್ಯಾನಿಂಗ್ ಕಥೆ ಮನಸ್ಸಲ್ಲಿ ಕೂತಿದೆ. ಮಿಸಿಸಿಪ್ಪಿಯ ಡ್ರೂ ಅನ್ನುವ ಪುಟ್ಟ ಊರು. 1969ರ ಆಗಸ್ಟ್‌ನಲ್ಲಿ ಒಂದು ಮದುವೆಗೆ ಹೋಗಿ ವಾಪಸ್ ಬಂದರೆ ಮನೆಯಲ್ಲಿ ಅಪ್ಪ ತಾವೇ ಪ್ರಾಣ ಕಳೆದುಕೊಂಡಿದ್ದರು, ಮೊದಲು ನೋಡಿದ್ದು 20 ವರ್ಷದ ಈ ಹುಡುಗ. ಓದು ಬಿಟ್ಟು ಕೆಲಸಕ್ಕೆ ಸೇರುತ್ತೇನೆ ಅಂದ. ಅಮ್ಮ ಕೇಳಲಿಲ್ಲ, ಕಾಲೇಜಿಗೇ ಕಳಿಸಿದರು. 1971ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಆದರು. ಆಮೇಲೆ ಆಡಿದ ಅಷ್ಟೂ ವರ್ಷ ಒಂದು ಸೀಸನ್ನಲ್ಲೂ ಸೋಲಿಗಿಂತ ಗೆಲುವು ಜಾಸ್ತಿ ಆಗಲಿಲ್ಲ! 1980ರಲ್ಲಿ 16ರಲ್ಲಿ 15 ಸೋಲು, ಅಭಿಮಾನಿಗಳು ನಾಚಿಕೆಯಿಂದ ತಲೆಗೆ ಕಾಗದದ ಚೀಲ ಹಾಕಿಕೊಂಡು ಬರುತ್ತಿದ್ದರು.

ಮಕ್ಕಳು ಪೇಟನ್, ಈಲೈ ಈ ಆಟದ ದೊಡ್ಡ ಫೈನಲ್ ಸೂಪರ್ ಬೌಲನ್ನ ಎರಡೆರಡು ಸಲ ಗೆದ್ದರು, ಅದು ಎಲ್ಲರಿಗೂ ಗೊತ್ತು. ದೊಡ್ಡವನು ಕೂಪರ್‌ಗೆ ಮಾತ್ರ 18ನೇ ವಯಸ್ಸಿಗೆ ಬೆನ್ನುಹುರಿಯ ತೊಂದರೆ, ಆಟವೇ ನಿಂತಿತು. ಅಪ್ಪ ಕಾಲೇಜಿನಲ್ಲಿ, ಅಣ್ಣ ಹೈಸ್ಕೂಲಿನಲ್ಲಿ ಹಾಕುತ್ತಿದ್ದ 18ನೇ ನಂಬರನ್ನೇ ಪೇಟನ್ ಹಾಕಿಕೊಂಡ. ಆರ್ಚ್ ಆ ಕೂಪರ್ ಮಗ. ತಾತನ ಪೂರ್ತಿ ಹೆಸರು ಎಲೈಶಾ ಆರ್ಚಿಬಾಲ್ಡ್. ಅರ್ಧ ಈಲೈಗೆ ಹೋಯಿತು, ಅರ್ಧ ಮೊಮ್ಮಗನಿಗೆ. ನಮ್ಮ ಕಡೆ ಹಾಗೇ ಅಲ್ವಾ?

"ನಮ್ ತಾತ ಏನು ಗೆದ್ದಿದ್ರು?" ಅಂದ. ಅಪ್ಪ ಅರಸೀಕೆರೆಯಲ್ಲಿ ಭಾನುವಾರ ವಾಲಿಬಾಲ್ ಆಡಿ, ಸೋತು, ಬರುವಾಗ ನನಗೆ ಕಡಲೆಕಾಯಿ ತರುತ್ತಿದ್ದರು. ಅಷ್ಟೇ ಹೇಳಿದೆ.

ಅಯ್ಯೋ, ಜಾಗ ಮುಗೀತು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಊಟ ಒಂದು ಗಂಟೆಗೆ, ತಟ್ಟೆ ಲೋಟ ಮನೆಯಿಂದ ತನ್ನಿ. ಬಿಸಿಬೇಳೆಬಾತ್‌ಗೆ ಇಬ್ಬರು ಸಿಕ್ಕಿದ್ದಾರೆ, ಪಾತ್ರೆ ತೊಳೆಯೋಕೆ ಯಾರೂ ಇಲ್ಲ. ಇನ್ನೊಂದು, ಕನ್ನಡ ತರಗತಿಗೆ ಈಗ ಮೇಷ್ಟ್ರೇ ಇಲ್ಲ, ಯಾರಾದರೂ ಭಾನುವಾರ ಒಂದು ಗಂಟೆ ಬನ್ನಿ. ನನ್ನ ಮಗ ಈಗಷ್ಟೇ ತಾತನ ಹೆಸರು ಬರೆದು ತೋರಿಸಿದ, ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಹೋಗಿ ಕೂತಿದೆ.