ಮೈಸೂರು ಸ್ಟೈಲ್ ಅಂದ್ರೇನೋ ಅಂತ ಕೇಳಿದ್ದೆಯಲ್ಲ

ಹಾಸನ
ಭಾನುವಾರ, ಮಧ್ಯಾಹ್ನ

ಪ್ರೀತಿಯ ರಾಘು,

ಯುಗಾದಿ ದಿನ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರೆಯುವಷ್ಟರಲ್ಲಿ ದೀಪಾವಳಿ ಬಂತು. "ನಮ್ಮ ಬೀದಿ ಕೊನೇಲಿ ಒಂದು ಯೋಗ ಕ್ಲಾಸ್ ಶುರುವಾಗಿದೆ ಕಣೋ, ಬಾಗಿಲ ಮೇಲೆ 'ಮೈಸೂರು ಸ್ಟೈಲ್' ಅಂತ ಬೋರ್ಡು. ಹಂಗಂದ್ರೇನೋ?" ಅಂದಿದ್ದೆ. "ಒಳಗಡೆ ಕೆಂಪು ಚಟ್ನಿ ಸವರಿರ್ತಾರೆ" ಅಂತ ನಾನು ನಕ್ಕು ಮಾತು ಹಾರಿಸಿದ್ದೆ. ನನಗೆ ಗೊತ್ತಿರಲಿಲ್ಲ, ಅಷ್ಟೇ. ಡಬ್ಲಿನ್ನಿನ ಒಂದು ಬೀದಿಗೆ ಗೊತ್ತಿರುವುದು, ಮೈಸೂರಿನಿಂದ ಮೂರು ಗಂಟೆ ಬಸ್ ದಾರಿಯಲ್ಲಿ ಐವತ್ತು ವರ್ಷ ಬದುಕಿದವನಿಗೆ ಗೊತ್ತಿಲ್ಲ.

ಅದೇ ಹೊತ್ತಿಗೆ ನನ್ನ ಸೊಂಟವೂ ಕೈಕೊಟ್ಟಿತ್ತು. ಬ್ಯಾಂಕಿನ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷ ಕೂತದ್ದಕ್ಕೆ ಬಡ್ಡಿ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಸದ್ಯಕ್ಕೆ ಆಪರೇಷನ್ ಬೇಡ, ಯೋಗ ಗೀಗ ಮಾಡ್ರೀ" ಅಂದರು. ರಜೆ ಕೊಳೆಯುತ್ತಿತ್ತು. ಆಗಸ್ಟಿನಲ್ಲಿ ಐದು ವಾರ ಬರೆದು ಕೊಟ್ಟೆ. ಮೂರು ವಾರ ಮೈಸೂರು, ಒಂದೆರಡು ದಿನ ಚಿದಂಬರ, ಕೊನೆಗೆ ಕೇರಳದ ನೆಯ್ಯಾರ್ ಡ್ಯಾಮ್. "ಇಲ್ಲೇ ಮೈಸೂರಿಗೆ ಹೋಗೋಕೆ ಸೂಟ್‌ಕೇಸ್ ಬೇಕಾ?" ಅಂತ ಇವಳು ಆಡಿಕೊಂಡಳು.

ಮೊದಲು ಸೇರಿದ ಶಾಲೆಯ ಹೆಸರು ಬೇಡ. ಗೋಕುಲಂ ಕಡೆಯದು ಅಂದರೆ ಸಾಕು, ಅಲ್ಲಿ ಅಡ್ಡರಸ್ತೆಗೊಂದರಂತೆ ಇವೆ. ಶುಲ್ಕವನ್ನು ಡಾಲರಿನಲ್ಲಿ ಹೇಳಿದರು. ನಾನು ಕನ್ನಡದಲ್ಲಿ "ರೂಪಾಯಲ್ಲಿ ಎಷ್ಟಮ್ಮಾ?" ಅಂತ ಕೇಳಿದಾಗ ಕೌಂಟರಿನ ಹುಡುಗಿ ಪಾಪ ಕ್ಯಾಲ್ಕುಲೇಟರ್ ಹುಡುಕಿದಳು. ಬೆಳಗಿನ ಜಾವ ಐದಕ್ಕೆ ಹೋದರೆ ಕೋಣೆ ತುಂಬಿರುತ್ತಿತ್ತು. ಹೊರಗೆ ಜಗಲಿಯ ಮೇಲೆ ಮ್ಯಾಟ್ ಹಿಡಿದು ಕಾಯಬೇಕು. ಒಬ್ಬರು ಮುಗಿಸಿ ಎದ್ದರೆ ಒಳಗಿಂದ "ಒನ್ ಮೋರ್!" ಅಂತ ಕೂಗು. ನಮ್ಮೂರ ಕಟಿಂಗ್ ಶಾಪಿನ ಭಾನುವಾರದ ಹಾಗೆ.

ನಿನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ನೋಡು. ಮೈಸೂರು ಸ್ಟೈಲ್ ಅಂದರೆ ಮೇಷ್ಟ್ರು ಮುಂದೆ ನಿಂತು ಎಲ್ಲರಿಗೂ ಒಂದೇ ಪಾಠ ಮಾಡುವುದಿಲ್ಲ. ಆಸನಗಳ ಸಾಲು ಗೊತ್ತಾಗಿರುತ್ತದೆ. ಅದನ್ನು ಬಾಯಿಪಾಠ ಮಾಡಿಕೊಂಡು, ಅವರವರ ಉಸಿರಿನ ವೇಗಕ್ಕೆ ಅವರವರು ಮಾಡುತ್ತಾ ಹೋಗುವುದು. ಎಲ್ಲಿ ತಡವರಿಸಿದೆಯೋ ಅಲ್ಲಿಗೆ ಆ ದಿನದ ಪಾಠ ಮುಗಿಯಿತು. ಅದು ಬಂದ ಮೇಲೇ ಮುಂದಿನದು. ಹಳೇ ಕಾಲದ ಮಗ್ಗಿ ಪಾಠವೇ, ಬೇರೇನಲ್ಲ. ಕೋಣೆಯಲ್ಲಿ ಮಾತಿಲ್ಲ, ಮೂವತ್ತು ನಲವತ್ತು ಜನರ ಉಸಿರಿನ ಸದ್ದು ಮಾತ್ರ. ನನಗೆ ಅದು ಕಮ್ಮಾರನ ತಿದಿಯ ಸದ್ದಿನಂತೆ ಕೇಳುತ್ತಿತ್ತು. ವಾರಕ್ಕೊಮ್ಮೆ ಮಾತ್ರ ಎಲ್ಲರಿಗೂ ಒಟ್ಟಿಗೆ ಎಣಿಕೆ ಹೇಳುತ್ತಾರೆ. "ಏಕಂ, ಇನ್‌ಹೇಲ್. ದ್ವೇ, ಎಕ್ಸ್‌ಹೇಲ್." ಮೊದಲ ಬಗೆಯ ಸೂರ್ಯನಮಸ್ಕಾರಕ್ಕೆ ಒಂಬತ್ತು ಎಣಿಕೆ, ಎರಡನೆಯ ಬಗೆಯದಕ್ಕೆ ಹದಿನೇಳು. ಬ್ರೆಜಿಲ್ಲಿನ ಹುಡುಗಿಯೊಬ್ಬಳು "ಸಪ್ತದಶ" ಎಂಬುದನ್ನು ಎಷ್ಟು ಸ್ಪಷ್ಟವಾಗಿ ಹೇಳುತ್ತಿದ್ದಳೆಂದರೆ, ಹನ್ನೊಂದಾದ ಮೇಲೆ ನಾಲಿಗೆ ತೊದಲುತ್ತಿದ್ದವನು ನಾನೊಬ್ಬನೇ.

ಒಂಬತ್ತನೆಯ ದಿನ ಎಡವಟ್ಟಾಯಿತು. ಕಾಲು ಚಾಚಿ ಮುಂದಕ್ಕೆ ಬಗ್ಗಿ ಕೂತಿದ್ದೆ, ಪಶ್ಚಿಮೋತ್ತಾನಾಸನ. ಕಲಿಸುವ ಹುಡುಗ ಹಿಂದಿನಿಂದ ಬಂದು, ಹೇಳದೆ ಕೇಳದೆ, ಬೆನ್ನ ಮೇಲೆ ತನ್ನ ಭಾರವನ್ನೆಲ್ಲ ಹಾಕಿದ. ಬಲತೊಡೆಯ ಹಿಂದೆ, ಕೂರುವ ಮೂಳೆಯ ಬುಡದಲ್ಲಿ, ಒಣಗಿದ ತೆಂಗಿನ ಗರಿ ಸೀಳಿದ ಹಾಗೆ ಒಂದು ಸಣ್ಣ ಸದ್ದು. ನೋವು ಆಮೇಲೆ ಬಂತು. "ಇಟ್ಸ್ ಓಪನಿಂಗ್" ಅಂದ ಅವನು. ತೆರೆಯುತ್ತಿತ್ತೋ ಹರಿಯುತ್ತಿತ್ತೋ, ಮೂರು ದಿನ ಆಟೋ ಹತ್ತಲು ಆಗಲಿಲ್ಲ. ಉಳಿದ ದಿನಗಳ ದುಡ್ಡು ಕೇಳಿದರೆ ನಿಯಮದ ಹಾಳೆ ತೋರಿಸಿದರು.

ಈ ಕೈಹಾಕಿ ತಿದ್ದುವ ಪದ್ಧತಿಯಲ್ಲಿ ಇದಕ್ಕಿಂತ ಕೆಟ್ಟದ್ದೂ ನಡೆದಿದೆ. ಮೈಸೂರಿನ ಈ ಅಷ್ಟಾಂಗ ಯೋಗವನ್ನು ಜಗತ್ತಿಗೆ ಹಂಚಿದ ಪಟ್ಟಾಭಿ ಜೋಯಿಸರು 2009ರಲ್ಲಿ ತೀರಿಕೊಂಡರು. ಅದಾದ ಮೇಲೆ ಅವರ ಹಲವು ಶಿಷ್ಯೆಯರು, ಆಸನ ತಿದ್ದುವಾಗ ಮುಟ್ಟಬಾರದ ಕಡೆ ಮುಟ್ಟುತ್ತಿದ್ದರು ಎಂದು ಬಹಿರಂಗವಾಗಿಯೇ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸರೇ, ತಾತ ಹೀಗೆ ಮಾಡುವುದನ್ನು ತಾನೂ ಕಂಡಿದ್ದೆ ಎಂದು ಒಪ್ಪಿ ಕ್ಷಮೆ ಕೇಳಿದರು. ನಮ್ಮ ಜಿಲ್ಲೆಯವರೆಂದು ಹೆಮ್ಮೆಯಿಂದ ಹೆಸರು ಹೇಳುವಾಗ ಇದನ್ನು ನುಂಗಿಕೊಂಡು ಹೇಳುವುದು ನನಗೆ ಸರಿಕಾಣದು.

ಹೌದು, ನಮ್ಮ ಜಿಲ್ಲೆಯವರೇ! ಹೈಸ್ಕೂಲಿನಲ್ಲಿದ್ದಾಗ ಬಾಡಿಗೆ ಸೈಕಲ್ಲಿನಲ್ಲಿ ಡಬಲ್ ರೈಡ್ ಹೊಡೆದುಕೊಂಡು ಕೌಶಿಕಕ್ಕೆ ಹೋಗುತ್ತಿದ್ದೆವಲ್ಲ, ಪಟ್ಟಾಭಿ ಜೋಯಿಸರು ಆ ಊರಿನವರು, 1915ರಲ್ಲಿ ಹುಟ್ಟಿದ್ದು. ಹನ್ನೆರಡರ ಹುಡುಗನಾಗಿದ್ದಾಗ ಇಲ್ಲೇ ಹಾಸನದ ಜುಬಿಲಿ ಹಾಲಿನಲ್ಲಿ ತಿರುಮಲೆ ಕೃಷ್ಣಮಾಚಾರ್ಯರ ಆಸನ ಪ್ರದರ್ಶನ ನೋಡಿ, ಅವರ ಹಿಂದೆ ಬಿದ್ದರಂತೆ. ಕೃಷ್ಣಮಾಚಾರ್ಯರೂ ಹೊರಗಿನವರಲ್ಲ, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದವರು, 1888ರ ಜನನ. ನಾಲ್ವಡಿಯವರು ಅವರನ್ನು ಕರೆಸಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು ಜಾಗ ಕೊಟ್ಟರು. ಕೃಷ್ಣಮಾಚಾರ್ಯರ ಹೆಂಡತಿಯ ತಮ್ಮ, ಕೋಲಾರ ಜಿಲ್ಲೆಯ ಬೆಳ್ಳೂರಿನ ಕಾಯಿಲೆಯ ಹುಡುಗ, ಅಲ್ಲೇ ಕಲಿತು 1937ರಲ್ಲಿ ಪುಣೆಗೆ ಹೋದ. ಅವರೇ ಬಿ.ಕೆ.ಎಸ್. ಅಯ್ಯಂಗಾರ್. ಕೌಶಿಕ, ಮುಚುಕುಂದಪುರ, ಬೆಳ್ಳೂರು. ಜಗತ್ತಿನಲ್ಲಿ ಇವತ್ತು ಮ್ಯಾಟ್ ಹಾಸುವವರಲ್ಲಿ ಅರ್ಧಕ್ಕರ್ಧ ಜನ ಈ ಮೂರು ಹಳ್ಳಿಗಳಿಗೆ ಸಾಲಗಾರರು ಅಂದರೆ ಜಂಬ ಅಂದುಕೊಳ್ಳಬೇಡ.

ಕಾಲು ಸರಿಹೋಗುವ ತನಕ ಕೆಲಸವಿಲ್ಲದೆ ಜಗನ್ಮೋಹನ ಅರಮನೆಗೆ ಕುಂಟಿಕೊಂಡು ಹೋದೆ. ಜನ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಲು ಬರುತ್ತಾರೆ. ಯೋಗಶಾಲೆ ಎಲ್ಲಿತ್ತು ಅಂತ ಕಾವಲಿನವರನ್ನು ಕೇಳಿದೆ. "ಯೋಗ ಬೇಕಂದ್ರೆ ಗೋಕುಲಕ್ಕೆ ಹೋಗಿ ಸಾರ್" ಅಂದರು. ಅಲ್ಲಿಂದಲೇ ಬಂದೆ ಅಂತ ಹೇಳಲು ನಾಚಿಕೆಯಾಯಿತು.

ಅಲ್ಲಿಂದ ದೇವರಾಜ ಮಾರ್ಕೆಟ್ಟು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಮಲ್ಲಿಗೆ ಮುಟ್ಟುವ ಹಾಗಿರಲಿಲ್ಲ. ಹೂವಿನ ಸಾಲಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು. ಎರಡು ಹಿಮ್ಮಡಿಯೂ ನೆಲಕ್ಕೆ ಊರಿತ್ತು, ಬೆನ್ನು ನೆಟ್ಟಗಿತ್ತು. ಬಾಳೆನಾರಿನ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸುತ್ತಿತ್ತು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಎಳೆತ. ಅಷ್ಟರಲ್ಲೇ ಗಿರಾಕಿಗೆ ಬೆಲೆ ಹೇಳುತ್ತಿದ್ದರು, ಮೊಮ್ಮಗನಿಗೆ ಬೈಯುತ್ತಿದ್ದರು. ನಾನು ವಾಚು ನೋಡಿದೆ. ಇಪ್ಪತ್ತೆರಡು ನಿಮಿಷ ಅವರು ಕಾಲು ಬದಲಿಸಲಿಲ್ಲ. ಆಮೇಲೆ ನೆಲಕ್ಕೆ ಕೈಯೂರದೆ ಎದ್ದು ನೀರು ಚಿಮುಕಿಸಿಕೊಂಡು ಬಂದು ಮತ್ತೆ ಹಾಗೇ ಕೂತರು. "ಏನು ಸಾರ್, ಹೂವು ಬೇಕಾ, ಸುಮ್ನೆ ನೋಡ್ತೀರಾ?" ಅಂದರು. ಎರಡು ಮೊಳ ಕೊಂಡು ಯಾರಿಗೆ ಕೊಡುವುದೆಂದು ತಿಳಿಯದೆ ರೂಮಿನ ಗಣಪತಿ ಕ್ಯಾಲೆಂಡರಿಗೆ ಹಾಕಿದೆ.

ಉಳಿದ ದಿನಗಳಿಗೆ ಕೃಷ್ಣಮೂರ್ತಿಪುರಂನಲ್ಲಿ ಒಬ್ಬ ವಯಸ್ಸಾದ ಮೇಷ್ಟ್ರು ಸಿಕ್ಕರು. ಬೋರ್ಡಿಲ್ಲ, ಮನೆಯ ನಡುಮನೆಯಲ್ಲೇ ಪಾಠ. ನಾವು ಆರು ಜನ, ಅದರಲ್ಲಿ ಇಬ್ಬರು ನಿವೃತ್ತ ಪೋಸ್ಟ್‌ಮನ್‌ಗಳು. ಮೊದಲ ದಿನ ಆಸನ ಹೇಳಿಕೊಡಲಿಲ್ಲ. ಗೋಡೆಗಡಿಯಾರದ ಕೆಳಗೆ ಕೂರಿಸಿ, "ಒಂದು ನಿಮಿಷಕ್ಕೆ ಎಷ್ಟು ಉಸಿರು, ಎಣಿಸಿ ಹೇಳಿ" ಅಂದರು. ಹತ್ತೊಂಬತ್ತು. "ಓಡಿ ಬಂದಿರಾ?" ಅಂದರು. ಕೂತೇ ಇದ್ದೆ. ಅವರ ಪಾಠವೆಲ್ಲ ಒಂದೇ ಮಾತು: "ಎಳೀಬೇಡಿ. ಉಸಿರು ಬಿಡಿ, ಅದೇ ಇಳಿಯತ್ತೆ." ಪುಣ್ಯಾತ್ಮರು ಬೆನ್ನಿಗೆ ಬೆರಳಿನ ತುದಿ ಬಿಟ್ಟರೆ ಬೇರೇನೂ ತಾಕಿಸಲಿಲ್ಲ.

ಈ ಅಷ್ಟಾಂಗ ಶಾಲೆಗಳಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ರಜೆ ಯಾಕೆ ಅಂತ ಅವರನ್ನೇ ಕೇಳಿದೆ. ಗೋಕುಲಂನಲ್ಲಿ ಒಬ್ಬ ಚಂದ್ರ, ಸಮುದ್ರ, ದೇಹದೊಳಗಿನ ನೀರು ಎಂದು ಅರ್ಧ ಗಂಟೆ ವಿವರಿಸಿದ್ದ. ಮೇಷ್ಟ್ರು ನಕ್ಕರು. "ಜೋಯಿಸರು ಸಂಸ್ಕೃತ ಪಾಠಶಾಲೆಯಲ್ಲಿ ಓದಿದೋರು, ಅಲ್ಲೇ ಪಾಠ ಹೇಳಿದೋರು. ಅಲ್ಲಿ ಆ ದಿನಗಳು ಅನಧ್ಯಯನ, ಅಂದ್ರೆ ಪಾಠಕ್ಕೆ ರಜ. ಅದೇ ರೂಢಿ ಬಂತು ಅಂತ ಕಾಣತ್ತೆ." ಆಮೇಲೆ ಬೀರುವಿನಿಂದ ಹೊಲಿಗೆ ಬಿಟ್ಟ ಎರಡು ಪುಸ್ತಕ ತೆಗೆದರು. ಒಂದು ಕೃಷ್ಣಮಾಚಾರ್ಯರ 'ಯೋಗ ಮಕರಂದ', 1934ರಲ್ಲಿ ಬರೆದದ್ದು. ಇನ್ನೊಂದು ಜೋಯಿಸರ 'ಯೋಗ ಮಾಲಾ', 1962ರದು. ಎರಡೂ ಕನ್ನಡದಲ್ಲಿ ಬರೆದವು ರಾಘು. ನಿನ್ನ ಬೀದಿಯ ಕ್ಲಾಸಿನವರು ಓದುವುದು ಅನುವಾದ. 'ಯೋಗ ಮಾಲಾ' ಇಂಗ್ಲಿಷಿಗೆ ಹೋದದ್ದೇ 1999ರಲ್ಲಿ. ಅಲ್ಲಿಯ ತನಕ ಮೂವತ್ತೇಳು ವರ್ಷ ಅದು ನಮ್ಮ ನಿಮ್ಮಂಥವರಿಗೆ ಮಾತ್ರ ಓದಲು ಬರುತ್ತಿತ್ತು, ನಾವು ಓದಲಿಲ್ಲ. ಇದು ನನಗೆ ಸೊಂಟದ ನೋವಿಗಿಂತ ಹೆಚ್ಚು ಚುಚ್ಚಿತು. ಗೋಕುಲಂನಲ್ಲಿ ಡಾಲರು ಕೇಳಿದರು ಅಂತ ಗೊಣಗುವ ಹಕ್ಕು ನನಗೆ ಎಷ್ಟಿದೆ?

ಸಂಜೆ ಮೈಸೂರಿನಲ್ಲಿ ರೈಲು ಹತ್ತಿದೆ, ಬೆಳಿಗ್ಗೆ ಕುಂಭಕೋಣ. ಹಿತ್ತಾಳೆ ಲೋಟ ಬಟ್ಟಲಿನಲ್ಲಿ ಡಿಗ್ರಿ ಕಾಫಿ ಕುಡಿದೆ. ಚೆನ್ನಾಗಿತ್ತು. ಬೀಜ ನಮ್ಮ ಕಡೆಯದೇ ಇರಬೇಕು, ಹೆಸರು ಮಾತ್ರ ಅವರದು. ಈ ಪ್ರವಾಸದಲ್ಲಿ ನನಗೆ ಅದೊಂದು ಖಾಯಿಲೆಯಾಗಿಬಿಟ್ಟಿತ್ತು, ಎಲ್ಲದರಲ್ಲೂ ನಮ್ಮದನ್ನು ಹುಡುಕುವುದು.

ಚಿದಂಬರಕ್ಕೆ ಹೋದದ್ದು ಯೋಗಸೂತ್ರದ ಪತಂಜಲಿಯ ನೆಪದಲ್ಲಿ. ನಟರಾಜನ ಕುಣಿತ ನೋಡಲು ಪತಂಜಲಿಯೂ ವ್ಯಾಘ್ರಪಾದರೂ ಅಲ್ಲಿ ಕಾದಿದ್ದರು ಎಂಬುದು ಆ ಊರಿನ ಕತೆ. ಗೋಪುರದ ಬಾಗಿಲಿನ ಎರಡೂ ಪಕ್ಕ ನಾಟ್ಯಶಾಸ್ತ್ರದ 108 ಕರಣಗಳನ್ನು, ಅಂದರೆ ಕುಣಿತದ ಭಂಗಿಗಳನ್ನು, ಕೆತ್ತಿದ್ದಾರೆ. ಕಾಲನ್ನು ತಲೆಯ ಮೇಲೆ ತಂದ ಒಂದು ಕಲ್ಲಿನ ಹೆಂಗಸಿನ ಮುಂದೆ ನಿಂತು, ಇವಳಿಗೆ ಯಾರು "ಇಟ್ಸ್ ಓಪನಿಂಗ್" ಅಂದಿರಬಹುದು ಅಂದುಕೊಂಡೆ. ಅಂಗಿ ಬಿಚ್ಚಿ ಒಳಗೆ ಹೋದರೆ ಚಿನ್ನದ ಮಾಡು. ಮುಂಜುಟ್ಟು ಕಟ್ಟಿದ ದೀಕ್ಷಿತರೊಬ್ಬರು ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ ಹೇಳಿದರು: ಮಾಡಿನ ಮೇಲೆ 21,600 ಚಿನ್ನದ ಹೆಂಚು, ಮನುಷ್ಯ ಒಂದು ದಿನಕ್ಕೆ ಆಡುವ ಉಸಿರಿನ ಲೆಕ್ಕ. ಬ್ಯಾಂಕಿನವನಲ್ಲವೇ, ಅಲ್ಲೇ ಕಂಬಕ್ಕೆ ಒರಗಿ ಭಾಗಿಸಿದೆ. ದಿನಕ್ಕೆ 1,440 ನಿಮಿಷ. ನಿಮಿಷಕ್ಕೆ ಸರಿಯಾಗಿ ಹದಿನೈದು. ನನ್ನ ಹತ್ತೊಂಬತ್ತರ ಲೆಕ್ಕದಲ್ಲಿ ದಿನಕ್ಕೆ ಐದು ಸಾವಿರದ ಏಳುನೂರ ಅರವತ್ತು ಹೆಂಚು ಹೆಚ್ಚು ಬೇಕು. ಓವರ್‌ಡ್ರಾಫ್ಟು. ಪರದೆ ಸರಿಸಿ ಚಿದಂಬರ ರಹಸ್ಯ ತೋರಿಸಿದರು, ಖಾಲಿ ಜಾಗದ ಮುಂದೆ ತೂಗುವ ಚಿನ್ನದ ಬಿಲ್ವದೆಲೆಗಳು. ಎಲ್ಲರೂ ಕೆನ್ನೆ ಬಡಿದುಕೊಳ್ಳುತ್ತಿದ್ದರು. ನಾನು ಇನ್ನೂ ಹೆಂಚು ಎಣಿಸುತ್ತಿದ್ದೆ.

ನೆಯ್ಯಾರ್ ಡ್ಯಾಮಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಲ್ಲಿ ಎಲ್ಲ ಚೆನ್ನಾಗಿತ್ತು, ಚೆನ್ನಾಗಿದ್ದದ್ದರ ಬಗ್ಗೆ ಬರೆಯಲು ಏನಿರುತ್ತದೆ? ಸ್ವಾಮಿ ವಿಷ್ಣುದೇವಾನಂದರು ಗುರು ಶಿವಾನಂದರ ಹೆಸರಿನಲ್ಲಿ ಕಟ್ಟಿದ ಆಶ್ರಮ, ಸುತ್ತ ಕಾಡು, ಕೆಳಗೆ ಕೆರೆಯಷ್ಟು ಶಾಂತವಾದ ಜಲಾಶಯ. ಬೆಳಿಗ್ಗೆ ಆರಕ್ಕೆ ಭಜನೆ, ದಿನಕ್ಕೆ ಎರಡೇ ಊಟ, ಹತ್ತಕ್ಕೊಂದು, ಸಂಜೆ ಆರಕ್ಕೊಂದು. ಕರ್ಮಯೋಗ ಅಂತ ನನಗೆ ಬಕೆಟ್ಟಿನಲ್ಲಿ ಅನ್ನ ಬಡಿಸುವ ಕೆಲಸ ಕೊಟ್ಟರು. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸಿ ಪಳಗಿದ ಕೈ, ಮೆಚ್ಚಿಕೊಂಡರು. ಐದು ವಾರದಲ್ಲಿ ನನ್ನನ್ನು ಮೆಚ್ಚಿದ್ದು ಅದೊಂದಕ್ಕೇ. ಮೈಸೂರಿನಲ್ಲಿ ಶೀರ್ಷಾಸನ ಕೊನೆಗೆ ಬರುತ್ತದೆ, ಇಲ್ಲಿ ಅದೇ ಮೊದಲು, ನಡುನಡುವೆ ಶವಾಸನ. ಪ್ರಾಣಾಯಾಮಕ್ಕೂ ಲೆಕ್ಕವಿದೆ: ನಾಲ್ಕು ಎಣಿಸುವಷ್ಟು ಒಳಕ್ಕೆ, ಹದಿನಾರು ತಡೆ, ಎಂಟು ಹೊರಕ್ಕೆ. ಮೊದಲ ದಿನ ಒಂಬತ್ತಕ್ಕೇ ಕಿವಿ ಬಿಸಿಯಾಯಿತು. ಹೊರಡುವ ಹೊತ್ತಿಗೆ ಹದಿನಾರು ತಲುಪುತ್ತಿದ್ದೆ, ಆದರೆ ಸ್ವಲ್ಪ ಬೇಗ ಬೇಗ ಎಣಿಸಿ.

ಸೊಂಟ ಪೂರ್ತಿ ವಾಸಿಯಾಗಿಲ್ಲ. ಬೂಟಿನ ಲೇಸು ಕೂರದೆ ಕಟ್ಟಿಕೊಳ್ಳುತ್ತೇನೆ. ನಿಮಿಷಕ್ಕೆ ಹದಿನಾರು ಉಸಿರು, ಮ್ಯಾನೇಜರ್ ಕರೆದ ದಿನ ಬಿಟ್ಟು.

ಡಿಸೆಂಬರಿನಲ್ಲಿ ಬರುವಾಗ ಅಲ್ಲಿಂದ ಮ್ಯಾಟ್ ಹೊತ್ತು ತರಬೇಡ. ಗೋಕುಲಂನಲ್ಲಿ 'ಮೈಸೂರು ರಗ್' ಅಂತ ಒಂದನ್ನು ನನಗೆ ಮಾರಿದರು, ಬೆವರಿಗೆ ಜಾರುವುದಿಲ್ಲ, ಒಗೆಯಬಹುದು ಅಂತೆಲ್ಲ ಹೇಳಿ. ಮನೆಗೆ ತಂದು ಬಿಚ್ಚಿದೆ. ಅಮ್ಮ ನೋಡಿ, "ಇದೇ ಜಮಖಾನ ಅಟ್ಟದ ಮೇಲೆ ನಾಲ್ಕು ಬಿದ್ದಿತ್ತಲ್ಲೋ, ಎಷ್ಟು ಕೊಟ್ಟೆ?" ಅಂದರು. ಬೆಲೆ ಇನ್ನೂ ಹೇಳಿಲ್ಲ. ನೀನು ಬಂದಾಗಲೂ ಬಾಯಿಬಿಡಬೇಡ.

ನಿನ್ನ,
ಮಂಜು