ಮಗಳಿಗೊಂದು ಪತ್ರ: ಅಜ್ಜನ ಭಕ್ತಿ ಕಣದಲ್ಲಿತ್ತು

ಪ್ರೀತಿಯ ಮಗಳೇ,

ಫೋನಿನಲ್ಲಿ ನೀನು ಕೇಳಿದ್ದು ಸರಿಯಾಗಿಯೇ ಇತ್ತು. ಎಲ್ಲರೂ ಅಜ್ಜನನ್ನು ದೊಡ್ಡ ಶಿವಭಕ್ತ ಅನ್ನುತ್ತಾರೆ, ಆದರೆ ಅವರು ಪೂಜೆಗೆ ಹೆಚ್ಚು ಹೊತ್ತು ಕೂತದ್ದನ್ನು ನೀನು ನೋಡಿಯೇ ಇಲ್ಲ, ಅಲ್ವಾ? ನಾನೂ ನೋಡಿಲ್ಲ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ಎತ್ತುಗಳ ಹತ್ತಿರ ಹೋಗಿಬಿಡುತ್ತಿದ್ದರು. ಅವರ ಭಕ್ತಿ ನೋಡಬೇಕಾದರೆ ಕಣಕ್ಕೆ ಹೋಗಬೇಕಿತ್ತು. ನೀನು ಹುಟ್ಟುವ ಹೊತ್ತಿಗೆ ಊರಿಗೆ ಒಕ್ಕುವ ಯಂತ್ರ ಬಂದಿತ್ತು, ಕಣ ಹೋಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಎರೆ ಹೊಲ, ಅಂದರೆ ಕಪ್ಪು ಮಣ್ಣಿನದು. ನೀರಾವರಿ ಇಲ್ಲ, ಮಳೆಯನ್ನೇ ನಂಬಿದ ಬೇಸಾಯ. ಉತ್ತರಿ, ಹಸ್ತಿ ಮಳೆ ಬಿದ್ದು ಹದ ಸಿಕ್ಕಿದರೆ ಹಿಂಗಾರಿ ಜೋಳ ಬಿತ್ತುವುದು. ಬೀಜ ಮಾಲ್ದಂಡಿ, ಎಂ 35-1 ಅಂತ ಕರೆಯುತ್ತಾರಲ್ಲ, ಅದೇ. ನಡುನಡುವೆ ಅಕ್ಕಡಿ ಸಾಲಿಗೆ, ಅಂದರೆ ಮಿಶ್ರ ಬೆಳೆಯಾಗಿ, ಕಡಲೆ. ಅಂಚಿಗೆ ಸುತ್ತಲೂ ಕುಸುಬೆ, ಅದರ ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ನೆಲದೊಳಗಿನ ತೇವ ಮತ್ತು ಚಳಿಗಾಲದ ಇಬ್ಬನಿ. ಅಷ್ಟರಲ್ಲೇ ಬೆಳೆ ಬರಬೇಕು. ಇಂಥ ಹೊಲ ಮಾಡುವವನಿಗೆ ದೇವರ ನೆನಪು ತಾನಾಗಿ ಬರುತ್ತದೆ, ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಬೆಳೆ ಕೈಗೆ ಬಂದ ಮೇಲೆ ಏನು ಮಾಡುತ್ತಾನೆ ಅನ್ನುವುದನ್ನು ನೋಡಬೇಕು.

ಕಣ ಅಂದರೆ ನೆಲ ಗಟ್ಟಿ ಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟ ಜಾಗ. ಸುತ್ತ ತೆನೆ ಹರವಿ ಎತ್ತುಗಳನ್ನು ತಿರುಗಿಸುವುದು. ರಾತ್ರಿ ನಿದ್ದೆ ಹತ್ತದಿರಲಿ ಅಂತ ಹಂತಿ ಪದ ಹಾಡುತ್ತಿದ್ದರು. ಒಬ್ಬರು ಎತ್ತಿಕೊಂಡರೆ ಉಳಿದವರು ಸೊಲ್ಲು ಹಿಡಿಯುವುದು. ಅಜ್ಜನ ದನಿ ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೂ ಬಿಡುತ್ತಿರಲಿಲ್ಲ. ಗಾಳಿ ನೋಡಿ ತೂರಿ, ರಾಶಿ ಮಾಡಿ, ಪೂಜೆ ಆದ ಮೇಲೆ ಅಳೆಯುವುದು. ಆಗ ಯಾರೂ ಮಾತಾಡುವಂತಿಲ್ಲ. ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, 'ಲಾಭ' ಅನ್ನುವುದು. ಆ ಲಾಭದ ಜೋಳ ಮನೆಗೆ ಬರುತ್ತಿರಲಿಲ್ಲ. ಮಠದ ದಾಸೋಹಕ್ಕೆ ಅಂತ ಬೇರೆ ಚೀಲಕ್ಕೆ ಬೀಳುತ್ತಿತ್ತು. ಆಮೇಲೆ ಬಡಿಗ, ಕಮ್ಮಾರ, ಕುಂಬಾರ, ತಳವಾರ ಹೀಗೆ ಊರಿನ ಕೆಲಸಕ್ಕೆ ಕಾಳು ಪಡೆಯುವ ಆಯಗಾರರ ಪಾಲು. ಆಮೇಲೆ ಕೂಲಿಯವರದು. ಮನೆಯ ಚೀಲ ತುಂಬುತ್ತಿದ್ದದ್ದು ಕೊನೆಗೆ.

ಆ ಪದ್ಧತಿ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಅದು ಜಾತಿಯ ಮೇಲೆ ನಿಂತಿತ್ತು. ವರ್ಷವಿಡೀ ದುಡಿದವರು ತಮ್ಮ ಪಾಲಿಗಾಗಿ ಕಣದ ಅಂಚಿನಲ್ಲಿ ಕಾಯುತ್ತಿದ್ದರು. ಅಜ್ಜ ಅದನ್ನು ಮುರಿಯಲಿಲ್ಲ. ಬಸವಣ್ಣನ ಹೆಸರು ಹೇಳುವ ಮನೆಯಲ್ಲಿ ಮುರಿಯಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಬೆಳೆ ಕಡಿಮೆ ಬಂದ ವರ್ಷ ಅವರು ಬೇರೆಯವರ ಅಳತೆ ಕಡಿಮೆ ಮಾಡಲಿಲ್ಲ. ಕಡಿಮೆಯಾದದ್ದು ನಮ್ಮ ಮನೆಯ ಚೀಲ.

1972ರ ಬರದ ಬಗ್ಗೆ ನಿನಗೆ ಹೇಳಿದ್ದೇನೋ ಇಲ್ಲವೋ. ಆಗ ನಮ್ಮ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಾನು ಸಣ್ಣವಳು. ಜನ ಬರ ಕಾಮಗಾರಿಗೆ ಕಲ್ಲು ಒಡೆಯಲು ಹೋಗುತ್ತಿದ್ದರು. ನಮ್ಮ ಮನೆಯ ಜೋಳ ಹಗೇವಿನಲ್ಲಿತ್ತು. ಹಗೇವು ಅಂದರೆ ನೆಲದೊಳಗಿನ ಕಾಳಿನ ಗುಂಡಿ. ಬಾಯಿ ಕಿರಿದು, ಒಳಗೆ ಅಗಲ. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ತೆರೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತದೆ. ಅಜ್ಜ ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದೆ ಉಳಿದ ಮೇಲೆಯೇ ಇಳಿದರು. ಓಣಿಯವರು ಒಬ್ಬೊಬ್ಬರಾಗಿ ಬುಟ್ಟಿ ತಂದರು. ಯಾರಿಗೆ ಎಷ್ಟು ಅಂತ ಬರೆದಿಡಲಿಲ್ಲ.

'ವಾಪಸ್ ಯಾವಾಗ ಬರತೈತಿ?' ಅಂದರು ನಿನ್ನ ಅಜ್ಜಿ.

'ಮಳೀ ಬಂದಾಗ ಬರತೈತಿ, ಬಿಡು.'

ಮುಂದೆ ಮಳೆ ಬಂತು. ಕೆಲವರು ವಾಪಸ್ ಕೊಟ್ಟರು, ಕೆಲವರು ಕೊಡಲಿಲ್ಲ. ಅಜ್ಜ ಯಾರ ಮನೆ ಬಾಗಿಲಿಗೂ ಕೇಳಲು ಹೋಗಲಿಲ್ಲ. ಹಾಗಂತ ಮರೆತಿದ್ದರು ಅಂದುಕೊಳ್ಳಬೇಡ. ಯಾರು ಕೊಟ್ಟಿಲ್ಲ ಅನ್ನುವುದು ಕೊನೆಯವರೆಗೂ ಬಾಯಿಪಾಠ ಇತ್ತು. ಸಿಟ್ಟು ಬಂದಾಗ ಮನೆಯಲ್ಲಿ ಹೆಸರು ಹಿಡಿದು ಗೊಣಗುತ್ತಿದ್ದರು. ಸಂತ ಅನ್ನುವವರಿಗೆ ಇದನ್ನೂ ಹೇಳು.

ಪಕ್ಕದ ಹೊಲದವರ ಜೊತೆ ಬದುವಿನ ಜಗಳವೂ ಇತ್ತು. ವರ್ಷಗಟ್ಟಲೆ ಮಾತಿಲ್ಲ. ಆದರೆ ಬಿತ್ತನೆ ಹೊತ್ತಿಗೆ ಅವರ ಎತ್ತು ಸತ್ತಾಗ ನಮ್ಮ ಜೋಡಿಯನ್ನು ಆಳಿನ ಕೈಯಲ್ಲಿ ಕಳಿಸಿದರು. ಎತ್ತು ಕಳಿಸಿದರು, ಮಾತು ಕಳಿಸಲಿಲ್ಲ.

ಅವರು ಉಪದೇಶ ಮಾಡಿದ್ದು ನನಗೆ ನೆನಪಿಲ್ಲ. ಪದೇ ಪದೇ ಹೇಳುತ್ತಿದ್ದದ್ದು ಒಂದೇ ಕಥೆ, ಆಯ್ದಕ್ಕಿ ಲಕ್ಕಮ್ಮನದು. ಅವಳೂ ಅವಳ ಗಂಡ ಮಾರಯ್ಯನೂ ನಮ್ಮ ಸೀಮೆಯವರೇ, ಲಿಂಗಸುಗೂರು ಕಡೆಯ ಅಮರೇಶ್ವರದವರು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ, ಚೆಲ್ಲಿದ ಅಕ್ಕಿ ಆಯ್ದು ಜಂಗಮರಿಗೆ ಊಟ ಹಾಕುತ್ತಿದ್ದರು. ಒಂದು ದಿನ ಮಾರಯ್ಯ ಜಾಸ್ತಿ ಅಕ್ಕಿ ತಂದ. ಇದು ನಮಗೆ ಬೇಕಾದದ್ದಕ್ಕಿಂತ ಹೆಚ್ಚು, ತಂದಲ್ಲಿಗೇ ಹಾಕಿ ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದಳು. ಅಜ್ಜನಿಗೆ ಇದು ಮಾರಯ್ಯನ ಕಥೆಯಾಗಿರಲಿಲ್ಲ, ಲಕ್ಕಮ್ಮನ ಕಥೆ. ಅವಳ ಹೆಸರು ಹೇಳುವಾಗ ಅಜ್ಜಿಯ ಕಡೆ ನೋಡಿ ನಗುತ್ತಿದ್ದರು. ಅಜ್ಜಿ ನಗುತ್ತಿರಲಿಲ್ಲ.

ಯಾಕೆ ನಗಬೇಕು ಹೇಳು? ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಊರುಗಳಿಂದ ಲಕ್ಷಗಟ್ಟಲೆ ರೊಟ್ಟಿ ಹೋಗುತ್ತದೆ. ಟ್ರ್ಯಾಕ್ಟರಿನಲ್ಲಿ ರೊಟ್ಟಿಯ ಗಂಟು ಹೇರಿಕೊಂಡು, ಮೆರವಣಿಗೆ ಮಾಡಿಕೊಂಡು ಗಂಡಸರು ಹೋಗುತ್ತಾರೆ. ಆ ರೊಟ್ಟಿ ತಟ್ಟಿದವರು ಯಾರು? ಜೋಳ ಬೀಸಿ, ಎಸರು ಹಾಕಿ, ಹಿಟ್ಟು ನಾದಿ, ಬೆಂಕಿಯ ಮುಂದೆ ಕೂತು ತಟ್ಟಿ, ಕಟಿ ರೊಟ್ಟಿ ಆಗುವ ಹಾಗೆ ಒಣಗಿಸಿದ್ದು ಅಜ್ಜಿ ಮತ್ತು ಓಣಿಯ ಹೆಂಗಸರು. ಅಜ್ಜನ ದಾನದಲ್ಲಿ ಅರ್ಧಕ್ಕಿಂತ ಹೆಚ್ಚು ಅಜ್ಜಿಯ ತೋಳಿನದು. ಊರಲ್ಲಿ ಅವರನ್ನು ನೆನೆಯುವಾಗ ಈ ಮಾತು ಯಾರೂ ಎತ್ತುವುದಿಲ್ಲ. ನಾನು ಎತ್ತುತ್ತೇನೆ.

ಇನ್ನೊಂದು. ಮೊಹರಂನಲ್ಲಿ ಬೆಂಕಿ ಹಾಕುವ ಗುಂಡಿಗೆ, ಅಂದರೆ ಅಲಾಯಿ ಕುಣಿಗೆ, ಮೊದಲ ಕಟ್ಟಿಗೆ ನಮ್ಮ ಹೊಲದ ಜಾಲಿಯದು. ಕತ್ತಲ ರಾತ್ರಿ, ಕರ್ಬಲಾದ ಕಥೆ ಹಾಡುವ ರಿವಾಯತ್ ಪದ ಕೇಳಲು ಅಜ್ಜ ಹೋಗದೆ ಇರುತ್ತಿರಲಿಲ್ಲ. ಲಿಂಗ ಕಟ್ಟಿದವರು ಅಲಾಯಿ ದೇವರಿಗೆ ಸಕ್ಕರೆ ಓದಿಸುವುದು ಊರಲ್ಲಿ ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಈಗ ಅದನ್ನು ಸೌಹಾರ್ದ ಅಂತ ಪೇಪರಿನಲ್ಲಿ ಬರೆಯುತ್ತಾರೆ. ಆಗ ಅದಕ್ಕೆ ಹೆಸರೇ ಇರಲಿಲ್ಲ, ಸುಮ್ನೆ ಹಬ್ಬ ಅಷ್ಟೇ.

ಈಗ ಹೊಲ ನಿನ್ನ ಸೋದರಮಾವನ ಕೈಯಲ್ಲಿದೆ. ಎತ್ತಿಲ್ಲ, ಟ್ರ್ಯಾಕ್ಟರ್ ಇದೆ. ಅರ್ಧ ಹೊಲಕ್ಕೆ ಮೆಕ್ಕೆಜೋಳ ಬಂದಿದೆ. ಹಗೇವಿಗೆ ಮಣ್ಣು ತುಂಬಿಸಿ ಆಯಿತು, ಮಕ್ಕಳು ಬಿದ್ದಾರು ಅಂತ. ಅದಕ್ಕೆ ಅಳಬೇಕಿಲ್ಲ. ರಾಶಿಯಾದ ದಿನ ಮಾವ ಈಗಲೂ ಒಂದು ಚೀಲ ಬೇರೆ ಇಡುತ್ತಾನೆ. ಅಜ್ಜನದಷ್ಟು ದೊಡ್ಡದಲ್ಲ, ಆದರೂ ಮೊದಲ ಚೀಲವೇ.

ಜಾತ್ರೆ ಜನವರಿಯಲ್ಲಿ. ರಜೆ ಈಗಲೇ ಕೇಳಿಡು. ಓಣಿಯಲ್ಲಿ ರೊಟ್ಟಿ ತಟ್ಟುವವರು ಕಡಿಮೆಯಾಗಿದ್ದಾರೆ, ನಿನ್ನ ಕೈ ಬೇಕು. ನಿನಗೆ ಬರುವುದಿಲ್ಲ ಅಂತ ಗೊತ್ತು, ಕಲಿಸುತ್ತೇನೆ. ಈ ಸಲ ಹಿಟ್ಟು ನಾದುವುದು ನಿನ್ನ ಅಪ್ಪ ಮತ್ತು ಮಾವ ಅಂತ ಈಗಾಗಲೇ ಹೇಳಿಬಿಟ್ಟಿದ್ದೇನೆ. ಇಬ್ಬರೂ ಇನ್ನೂ ಒಪ್ಪಿಲ್ಲ.

ನಿನ್ನ
ಅಮ್ಮ