ಬಂದೂಕು ಇದೆಯೆಂದು ಕೌಂಟರ್‌ನಲ್ಲೇ ಹೇಳಿ

ಮಾನ್ಯರೇ,

ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಪ್ರಯಾಣಿಕರ ಕೈಚೀಲದಲ್ಲಿ ಸಜೀವ ಕಾಡತೂಸು ಸಿಕ್ಕಿತೆಂಬ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಪರವಾನಗಿ ಇದ್ದವರೇ ಹೀಗೆ ಸಿಕ್ಕಿಬೀಳುವುದು ಬೇಸರದ ಸಂಗತಿ.

ಶೂಟಿಂಗ್ ಸ್ಪರ್ಧೆಗೋ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೋ ಬಳಸಿದ ಚೀಲವನ್ನೇ ಪ್ರಯಾಣಕ್ಕೂ ಒಯ್ಯುವುದು ಇದಕ್ಕೆ ಮುಖ್ಯ ಕಾರಣ. ಅಡಿಯ ಹೊಲಿಗೆಗೆ ಜಾರಿದ ಒಂದೇ ಕಾಡತೂಸು ಕೈಗೆ ಸಿಗದು, ಎಕ್ಸ್‌-ರೇ ಪರದೆಯಲ್ಲಿ ಮಾತ್ರ ಎದ್ದು ಕಾಣುತ್ತದೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ 2029ರವರೆಗೆ ಪರವಾನಗಿಯಿಂದ ವಿನಾಯಿತಿ ಇದೆ ನಿಜ. ವಿಮಾನದ ನಿಯಮಗಳಿಂದ ಯಾರಿಗೂ ಇಲ್ಲ.

ಬಂದೂಕು ಒಯ್ಯಲೇಬೇಕಾದರೆ ವಿಮಾನ ಸಂಸ್ಥೆಗೆ ಮೊದಲೇ ತಿಳಿಸಬೇಕು. ಮ್ಯಾಗಜೀನ್ ತೆಗೆದರೆ ಸಾಲದು, ನಳಿಗೆಯ ಹಿಂಬದಿ ತೆರೆದು ಬೆರಳಿಟ್ಟು ನೋಡಬೇಕು. ಉಳಿದುಹೋಗುವ ಗುಂಡು ಇರುವುದು ಅಲ್ಲೇ. ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಬಂದೂಕು, ಬೇರೆ ಡಬ್ಬಿಯಲ್ಲಿ ಕಾಡತೂಸು, ಕೈಯಲ್ಲಿ ಮೂಲ ದಾಖಲೆ. ಕಾಡತೂಸಿಗೆ ಅಂತರರಾಷ್ಟ್ರೀಯ ಮಿತಿ ಡಬ್ಬಿಯ ತೂಕವೂ ಸೇರಿ ತಲಾ 5 ಕಿಲೋ; ಇಬ್ಬರ ಪಾಲನ್ನು ಒಟ್ಟುಗೂಡಿಸುವಂತಿಲ್ಲ. ಚೀಲ ಬೆಲ್ಟಿಗೆ ಹೋಗುವ ಮೊದಲೇ ಕೌಂಟರ್‌ನಲ್ಲಿ ಬಾಯಿಬಿಟ್ಟು ಹೇಳಬೇಕು.

‘ಯಂತ್ರದ ಬಿಡಿಭಾಗ’ ಎಂದು ಬರೆದು ಕೊರಿಯರ್‌ಗೆ ಕೊಡುವುದಂತೂ ಕೂಡದು. ಒಳಗೆ ಮದ್ದುಗುಂಡು ಇದೆಯೆಂದು ತಿಳಿಯದೆ ಪೊಟ್ಟಣ ಎತ್ತಿ ಎಸೆಯುವ ಕೂಲಿಕಾರನ ಜೀವಕ್ಕೆ ಹೊಣೆ ಯಾರು?

ಪರವಾನಗಿ ಅಥವಾ ವಿನಾಯಿತಿ ಪತ್ರ ಕೊಡುವಾಗಲೇ ಜಿಲ್ಲಾಡಳಿತ ಈ ಕ್ರಮಗಳನ್ನು ಕನ್ನಡದಲ್ಲಿ ಮುದ್ರಿಸಿ ಲಗತ್ತಿಸಲಿ. ವಿಮಾನ ಸಂಸ್ಥೆಗಳು ಟಿಕೆಟ್ ಸಂದೇಶದಲ್ಲಿ ‘ಬಂದೂಕು, ಕಾಡತೂಸು ಇದೆಯೇ?’ ಎಂದು ಕನ್ನಡದಲ್ಲೂ ಕೇಳಲಿ.

– ಓದುಗ, ಮಡಿಕೇರಿ